ಮನೆಯ ಯಜಮಾನ ತೀರಿಕೊಂಡ ಮೇಲೆ: ಸರ್ಕಾರದ ಸಹಾಯಗಳನ್ನು ತಾಯಿಯ ಹೆಸರಿಗೆ ತಂದುಕೊಳ್ಳುವ ಕ್ರಮ



ಬಿತ್ತನೆಗೆ ಹದ ಎಂಬುದೊಂದುಂಟು. ಹದ ತಪ್ಪಿ ಬಿತ್ತಿದರೆ ಬೀಜ ಒಳ್ಳೆಯದಿದ್ದರೂ ಪೈರು ಬಾರದು. ಕಾಗದ ಪತ್ರಗಳಿಗೂ ಹಾಗೆಯೇ ಹದವುಂಟು. ಮನೆಯಲ್ಲಿ ದುಡಿಯುವ ಗಂಡಸು ಅಕಾಲದಲ್ಲಿ ತೀರಿಕೊಂಡಾಗ ಅವನ ಹೆಂಡತಿಗೂ ಮಕ್ಕಳಿಗೂ ಸರ್ಕಾರದಿಂದ ಬರತಕ್ಕ ಸಹಾಯಗಳು ಹಲವು ಇವೆ. ಆದರೆ ಅವುಗಳಲ್ಲಿ ಯಾವುದೂ ತಾನಾಗಿ ಮನೆಗೆ ನಡೆದು ಬರುವುದಿಲ್ಲ. ದುಃಖದಲ್ಲಿ ದಿನ ಕಳೆದು, ತಿಥಿ ಕಾರ್ಯಗಳೆಲ್ಲ ಮುಗಿದು, ಮನೆಯವರು ತಲೆಯೆತ್ತಿ ನೋಡುವಷ್ಟರಲ್ಲಿ ಕೆಲವು ಗಡುವುಗಳು ದಾಟಿ ಹೋಗಿರುತ್ತವೆ. ಗೋವಿನಕೋವಿ ಮತ್ತು ಸುತ್ತಿನ ಹಳ್ಳಿಗಳಲ್ಲಿ ಎರಡು ಮೂರು ಎಕರೆ ಮೆಕ್ಕೆಜೋಳ, ಭತ್ತ ಬೆಳೆದು ಬದುಕುವ ಮನೆಗಳಿಗೆ ಇಂಥ ನಷ್ಟ ಸಣ್ಣದಲ್ಲ. ಆದ್ದರಿಂದ ಯಾವ ಸಹಾಯ ನಿಲ್ಲುತ್ತದೆ, ಯಾವುದು ಹೆಸರು ಬದಲಾಯಿಸಿಕೊಂಡು ಮುಂದುವರಿಯುತ್ತದೆ, ಯಾವುದು ಹೊಸದಾಗಿ ಸಿಗುತ್ತದೆ ಎಂಬುದನ್ನು ಕ್ರಮವಾಗಿ ತಿಳಿಸುವುದೇ ಈ ಲೇಖನದ ಉದ್ದೇಶ.

೧೯೫೨ರ ಅಕ್ಟೋಬರ್ ೨ರಂದು ದೇಶದಲ್ಲಿ ಸಮುದಾಯ ಅಭಿವೃದ್ಧಿ ಕಾರ್ಯ ಆರಂಭವಾದಾಗ, ಗಂಡನನ್ನು ಕಳೆದುಕೊಂಡ ಹಳ್ಳಿಯ ಹೆಣ್ಣುಮಗಳಿಗೆ ತವರು ಅಥವಾ ಗಂಡನ ಮನೆಯ ಆಸರೆಯೇ ಆಸರೆಯಾಗಿತ್ತು. ೧೯೫೬ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದು ಆಸ್ತಿಯಲ್ಲಿ ಅವಳ ಹಕ್ಕು ಗಟ್ಟಿಯಾಯಿತು. ೧೯೮೪ರಲ್ಲಿ ಕರ್ನಾಟಕ ಸರ್ಕಾರ ನಿರ್ಗತಿಕ ವಿಧವಾ ವೇತನವನ್ನು ಆರಂಭಿಸಿತು. ೧೯೯೫ರಲ್ಲಿ ಕೇಂದ್ರದ ಕುಟುಂಬ ಸಹಾಯಧನ ಬಂತು. ಈಗ ಇನ್ನೂ ಹಲವು ಸೇರಿವೆ. ಇವು ಭಿಕ್ಷೆಯಲ್ಲ, ಕಾಯಿದೆ ಮತ್ತು ಆದೇಶಗಳಿಂದ ಬಂದ ಸಲ್ಲತಕ್ಕ ಹಣ. ಕೇಳಿ ಪಡೆಯಲು ನಾಚಿಕೆ ಬೇಡ.

ಮೂರು ಗಂಟುಗಳು

ತಿಳಿಯಲು ಸುಲಭವಾಗಲೆಂದು ಎಲ್ಲ ಸಹಾಯಗಳನ್ನೂ ಮೂರು ಗಂಟುಗಳಾಗಿ ಕಟ್ಟಿಕೊಳ್ಳೋಣ.

ಮೊದಲನೆಯ ಗಂಟು, ತೀರಿಹೋದವನ ಹೆಸರಿನಲ್ಲಿ ಬರುತ್ತಿದ್ದವು. ಕಿಸಾನ್ ಸಮ್ಮಾನ್ ಹಣ, ಬೆಳೆ ವಿಮೆ, ಸಹಕಾರ ಸಂಘದ ಸಾಲ ಮೊದಲಾದವು ಇಲ್ಲಿ ಸೇರುತ್ತವೆ. ಇವು ಅವನೊಂದಿಗೆ ನಿಲ್ಲುತ್ತವೆ. ಜಮೀನಿನ ಖಾತೆ ಬದಲಾದ ಮೇಲೆ ಹೊಸದಾಗಿ ಆರಂಭವಾಗಬೇಕು.

ಎರಡನೆಯ ಗಂಟು, ಇಡೀ ಮನೆಗೆ ಬರುತ್ತಿರುವವು. ಪಡಿತರ ಮತ್ತು ಗೃಹಲಕ್ಷ್ಮಿ ಇಂಥವು. ಇವು ನಿಲ್ಲುವುದಿಲ್ಲ, ಆದರೆ ಚೀಟಿಯಲ್ಲಿ ತಿದ್ದುಪಡಿಯಾಗಬೇಕು.

ಮೂರನೆಯ ಗಂಟು, ಸಾವಿನ ಕಾರಣದಿಂದ ಹೊಸದಾಗಿ ಸಿಗತಕ್ಕವು. ವಿಮೆಯ ಹಣ, ಕುಟುಂಬ ಸಹಾಯಧನ, ವಿಧವಾ ವೇತನ, ಮಕ್ಕಳ ಪ್ರಾಯೋಜಕತ್ವದ ಹಣ ಇವು ಇಲ್ಲಿ ಬರುತ್ತವೆ. ಕೇಳದಿದ್ದರೆ ಇವು ಎಂದಿಗೂ ಬಾರವು.

ಮೊದಲ ಕಾಗದ: ಮರಣ ಪ್ರಮಾಣ ಪತ್ರ

ಮೂರು ಗಂಟುಗಳನ್ನೂ ಬಿಚ್ಚುವ ಕೀಲಿಕೈ ಒಂದೇ. ಅದು ಮರಣ ಪ್ರಮಾಣ ಪತ್ರ. ೧೯೬೯ರ ಜನನ ಮರಣ ನೋಂದಣಿ ಕಾಯಿದೆಯ ಪ್ರಕಾರ ಸಾವು ಸಂಭವಿಸಿದ ೨೧ ದಿನಗಳೊಳಗೆ ತಿಳಿಸಿದರೆ ಯಾವ ಶುಲ್ಕವೂ ಇಲ್ಲ. ೨೧ ದಿನ ದಾಟಿ ೩೦ ದಿನಗಳೊಳಗಾದರೆ ಸ್ವಲ್ಪ ತಡದ ಶುಲ್ಕವಿದೆ. ೩೦ ದಿನ ದಾಟಿದರೆ ಮೇಲಧಿಕಾರಿಯ ಲಿಖಿತ ಅನುಮತಿ ಬೇಕು. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. ದಿನ ಹೋದಂತೆ ಅಲೆದಾಟ ಹೆಚ್ಚುವುದನ್ನು ಇದರಿಂದಲೇ ತಿಳಿಯಬಹುದು.

ಆಸ್ಪತ್ರೆಯಲ್ಲಿ ತೀರಿಕೊಂಡರೆ ಆಸ್ಪತ್ರೆಯವರೇ ನೋಂದಣಿಗೆ ತಿಳಿಸುತ್ತಾರೆ. ಮನೆಯಲ್ಲಿ ಅಥವಾ ಹೊಲದಲ್ಲಿ ತೀರಿಕೊಂಡರೆ ಮನೆಯವರು ಗ್ರಾಮ ಪಂಚಾಯಿತಿಯಲ್ಲಿ ಇಲ್ಲವೆ ಗ್ರಾಮ ಆಡಳಿತ ಅಧಿಕಾರಿಯವರಲ್ಲಿ ತಿಳಿಸಬೇಕು. ಇದಕ್ಕೆ ಹೆಂಡತಿಯೇ ಹೋಗಬೇಕೆಂಬ ನಿಯಮವಿಲ್ಲ. ನಮ್ಮಲ್ಲಿ ಗಂಡ ಸತ್ತ ಹೆಣ್ಣುಮಗಳು ಕೆಲವು ಕಾಲ ಹೊಸ್ತಿಲು ದಾಟದಿರುವ ಪದ್ಧತಿ ಕೆಲವು ಮನೆಗಳಲ್ಲಿ ಉಳಿದಿದೆ. ಪದ್ಧತಿಯ ಮಾತು ಹೇಗೇ ಇರಲಿ, ಕಾಯಿದೆಯ ದಿನಗಳು ಅದಕ್ಕಾಗಿ ಕಾಯುವುದಿಲ್ಲ. ಮೈದುನನೋ ಅಣ್ಣನೋ ಮನೆಯ ಹಿರಿಯರೋ ಹೋಗಿ ತಿಳಿಸಿ ಬರಲಿ.

ನೋಂದಣಿ ಮಾಡಿಸುವಾಗ ಹೆಸರು ಆಧಾರ್ ಚೀಟಿಯಲ್ಲಿ ಇರುವಂತೆಯೇ ಬರೆಯಿಸಿರಿ. ಊರಲ್ಲಿ ಕರೆಯುವ ಹೆಸರು ಒಂದು, ಪಹಣಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಮುಂದೆ ಪ್ರತಿಯೊಂದು ಕಛೇರಿಯಲ್ಲೂ ಅದೇ ತಕರಾರು ಏಳುತ್ತದೆ. ಪ್ರಮಾಣ ಪತ್ರದ ಐದಾರು ಪ್ರತಿಗಳನ್ನು ಇಟ್ಟುಕೊಳ್ಳಿರಿ. ಮೂಲ ಪತ್ರವನ್ನು ಯಾರ ಕೈಗೂ ಬಿಟ್ಟುಕೊಡಬೇಡಿರಿ.

ಹಾವು ಕಚ್ಚಿ, ಸಿಡಿಲು ಬಡಿದು, ಮರದಿಂದ ಬಿದ್ದು, ವಿದ್ಯುತ್ ತಗುಲಿ ಅಥವಾ ರಸ್ತೆಯ ಅಪಘಾತದಲ್ಲಿ ಸಾವಾದರೆ ಆಸ್ಪತ್ರೆಗೂ ಪೊಲೀಸ್ ಠಾಣೆಗೂ ತಿಳಿಸದೆ ಅಂತ್ಯಕ್ರಿಯೆ ಮಾಡಬೇಡಿರಿ. ಸಾವಿನ ಕಾರಣವನ್ನು ತೋರಿಸುವ ಕಾಗದವಿಲ್ಲದೆ ಅಪಘಾತದ ವಿಮೆಯೂ ಪರಿಹಾರವೂ ಸಿಗುವುದು ಬಹಳ ಕಷ್ಟ. ಮರಣೋತ್ತರ ಪರೀಕ್ಷೆ ಬೇಡವೆಂದು ಹಟ ಹಿಡಿಯುವವರು ಹಿಂದೆ ಉಳಿಯುವ ಮಕ್ಕಳ ಮುಖ ನೋಡಿ ಯೋಚಿಸಬೇಕು. ಸಿಡಿಲು, ನೆರೆಯಂಥ ಪ್ರಕೃತಿ ವಿಕೋಪದ ಸಾವನ್ನು ತಹಶೀಲ್ದಾರರಿಗೆ ಕೂಡಲೇ ತಿಳಿಸಿರಿ. ಹಾವು ಕಡಿದು ತೀರಿಕೊಂಡ ರೈತನ ಕುಟುಂಬಕ್ಕೆ ಕೃಷಿ ಇಲಾಖೆಯಿಂದ ಪರಿಹಾರವುಂಟು. ಅದಕ್ಕೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ.

ಬ್ಯಾಂಕಿನ ಪುಸ್ತಕವನ್ನು ಓದಿಸಿರಿ

ತೀರಿಹೋದವನ ಬ್ಯಾಂಕ್ ಪುಸ್ತಕವನ್ನು ತೆಗೆದುಕೊಂಡು ಹೋಗಿ ಹೊಸದಾಗಿ ಮುದ್ರೆ ಹಾಕಿಸಿರಿ. ಅದರಲ್ಲಿ ಮೇ ಅಥವಾ ಜೂನ್ ತಿಂಗಳಲ್ಲಿ ೪೩೬ ರೂಪಾಯಿ ಅಥವಾ ೨೦ ರೂಪಾಯಿ ಕಡಿತವಾಗಿದೆಯೇ ನೋಡಿಸಿರಿ. ೪೩೬ ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನ ಮಂತ್ರಿ ಜೀವನ ಜ್ಯೋತಿ ವಿಮೆಯ ಕಂತು. ಯಾವ ಕಾರಣದಿಂದ ಸತ್ತರೂ ನಾಮಿನಿಗೆ ೨ ಲಕ್ಷ ರೂಪಾಯಿ ಬರುತ್ತದೆ. ಹೊಸದಾಗಿ ಸೇರಿದವರಿಗೆ ಮಾತ್ರ ಮೊದಲ ೩೦ ದಿನಗಳಲ್ಲಿ ಅಪಘಾತದ ಹೊರತು ಬೇರೆ ಸಾವಿಗೆ ಹಣವಿಲ್ಲ. ೨೦ ರೂಪಾಯಿ ಕಡಿತವಾಗಿದ್ದರೆ ಅದು ಸುರಕ್ಷಾ ವಿಮೆ. ಅಪಘಾತದ ಸಾವಿಗೆ ಅದರಿಂದ ೨ ಲಕ್ಷ. ಹಾವಿನ ಕಡಿತವೂ ಮರದಿಂದ ಬೀಳುವುದೂ ಇದರಲ್ಲಿ ಅಪಘಾತವೇ. ಆದರೆ ಆಸ್ಪತ್ರೆಯ ದಾಖಲೆ ಇರಬೇಕು.

ಎಷ್ಟೋ ಮನೆಗಳಲ್ಲಿ ಈ ವಿಮೆ ಇರುವುದು ಹೆಂಡತಿಗೆ ಗೊತ್ತೇ ಇರುವುದಿಲ್ಲ. ಖಾತೆ ತೆರೆಯುವಾಗ ಎಲ್ಲೋ ಒಂದು ರುಜು ಹಾಕಿದ್ದನ್ನು ಗಂಡನೂ ಮರೆತಿರುತ್ತಾನೆ. ಬ್ಯಾಂಕಿನಲ್ಲಿ ಬೇಡಿಕೆಯ ಅರ್ಜಿಯನ್ನು ೩೦ ದಿನಗಳೊಳಗೆ ಕೊಡುವುದು ಕ್ರಮ. ಒಂದಕ್ಕಿಂತ ಹೆಚ್ಚು ಬ್ಯಾಂಕಿನಲ್ಲಿ ಖಾತೆಯಿದ್ದರೆ ಎಲ್ಲ ಪುಸ್ತಕಗಳನ್ನೂ ನೋಡಿಸಿರಿ. ಆದರೆ ಒಂದು ವಿಮೆ ಒಬ್ಬನಿಗೆ ಒಂದೇ ಖಾತೆಯಿಂದ ಮಾತ್ರ ಸಲ್ಲುತ್ತದೆ.

ಇದೇ ಸಮಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಸತ್ತವನ ಎ.ಟಿ.ಎಂ. ಚೀಟಿಯಿಂದ ಹಣ ತೆಗೆಯಬೇಡಿರಿ. ಸತ್ತ ಮೇಲೆ ಅವನ ಖಾತೆಗೆ ಬಂದು ಬಿದ್ದ ಸರ್ಕಾರದ ಹಣವನ್ನು ಬಳಸಿದರೆ ಅದನ್ನು ಹಿಂದಕ್ಕೆ ಕಟ್ಟಬೇಕಾಗುತ್ತದೆ. ಸಾವಿನ ಸುದ್ದಿಯನ್ನು ಬ್ಯಾಂಕಿಗೆ ಬರವಣಿಗೆಯಲ್ಲಿ ತಿಳಿಸಿ, ನಾಮಿನಿ ಅಥವಾ ವಾರಸುದಾರರ ಮೂಲಕ ಹಣ ಪಡೆಯುವುದೇ ಸರಿಯಾದ ದಾರಿ.

ಹೆಂಡತಿಗೆ ತನ್ನೊಬ್ಬಳದೇ ಹೆಸರಿನ ಖಾತೆ ಇಲ್ಲದಿದ್ದರೆ ಆ ದಿನವೇ ತೆರೆಯಿಸಿರಿ. ಅದಕ್ಕೆ ಆಧಾರ್ ಜೋಡಣೆ ಮಾಡಿಸಿರಿ. ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆಯೋ ಸರ್ಕಾರದ ಹಣ ಅಲ್ಲಿಗೇ ಹೋಗಿ ಬೀಳುತ್ತದೆ. ಹಿಂದೆಂದೋ ತೆರೆದು ಮರೆತ ಖಾತೆಗೆ ಜೋಡಣೆ ಉಳಿದಿದ್ದರೆ, ಬಂದ ಹಣ ಅಲ್ಲಿ ಬಿದ್ದಿರುತ್ತದೆ. ಇತ್ತ ಮನೆಯವರು ಬರಲಿಲ್ಲವೆಂದು ಕಾಯುತ್ತಿರುತ್ತಾರೆ.

ಒಂದು ಸಲ ಬರುವ ಇಪ್ಪತ್ತು ಸಾವಿರ

ಬಡತನ ರೇಖೆಯ ಕೆಳಗಿನ ಕುಟುಂಬದಲ್ಲಿ ಮುಖ್ಯವಾಗಿ ದುಡಿದು ಹಾಕುತ್ತಿದ್ದವರು ೧೮ರಿಂದ ೫೯ ವರ್ಷದೊಳಗೆ ತೀರಿಕೊಂಡರೆ ರಾಷ್ಟ್ರೀಯ ಕುಟುಂಬ ಸಹಾಯಧನವಾಗಿ ೨೦,೦೦೦ ರೂಪಾಯಿ ಒಂದೇ ಸಲ ಬರುತ್ತದೆ. ೨೦೧೨ರವರೆಗೆ ಇದು ೧೦,೦೦೦ ಆಗಿತ್ತು. ರೋಗದಿಂದ ಸತ್ತರೂ ಅಪಘಾತದಿಂದ ಸತ್ತರೂ ಇದು ಸಲ್ಲುತ್ತದೆ. ಅರ್ಜಿಯನ್ನು ನಾಡಕಛೇರಿಯಲ್ಲಿ ಕೊಡಬೇಕು. ಮರಣ ಪತ್ರ, ಪಡಿತರ ಚೀಟಿ, ಇಬ್ಬರ ಆಧಾರ್, ತೀರಿಹೋದವರ ವಯಸ್ಸಿನ ದಾಖಲೆ, ಅರ್ಜಿದಾರರ ಬ್ಯಾಂಕ್ ಪುಸ್ತಕ ಇವುಗಳನ್ನು ಜೊತೆಗೆ ತೆಗೆದುಕೊಂಡು ಹೋಗಿರಿ.

ವಿಧವಾ ವೇತನ ಬೇರೆ, ಈ ಸಹಾಯಧನ ಬೇರೆ. ಒಂದನ್ನು ಪಡೆದರೆ ಇನ್ನೊಂದು ತಪ್ಪುತ್ತದೆ ಎಂಬ ಮಾತನ್ನು ನಂಬಬೇಡಿರಿ. ಎರಡು ಅರ್ಜಿಗಳನ್ನೂ ಒಂದೇ ದಿನ ಕೊಡಬಹುದು.

ತಿಂಗಳ ವೇತನ

ನಿರ್ಗತಿಕ ವಿಧವಾ ವೇತನ ೧೮ ವರ್ಷ ತುಂಬಿದ, ಮರುಮದುವೆಯಾಗದ, ವರ್ಷದ ಆದಾಯ ೩೨,೦೦೦ ರೂಪಾಯಿ ಮೀರದ ಹೆಣ್ಣುಮಕ್ಕಳಿಗೆ ಸಲ್ಲುತ್ತದೆ. ೨೦೨೧ರಲ್ಲಿ ಇದನ್ನು ತಿಂಗಳಿಗೆ ೬೦೦ರಿಂದ ೮೦೦ ರೂಪಾಯಿಗೆ ಏರಿಸಲಾಯಿತು. ಅರ್ಜಿ ನಾಡಕಛೇರಿಯಲ್ಲಿ. ಗ್ರಾಮ ಆಡಳಿತ ಅಧಿಕಾರಿಯವರ ವಿಚಾರಣೆಯಾದ ಮೇಲೆ ಮಂಜೂರಾತಿ ಆಗುತ್ತದೆ.

ಇಲ್ಲಿ ಎರಡು ಸಂಗತಿಗಳನ್ನು ಚೆನ್ನಾಗಿ ಗಮನಿಸಬೇಕು.

ಮೊದಲನೆಯದು ಆದಾಯದ ಪತ್ರ. ಗಂಡ ಬದುಕಿದ್ದಾಗ ಮಕ್ಕಳ ಶಾಲೆಗೆಂದು ಮಾಡಿಸಿದ ಆದಾಯ ಪ್ರಮಾಣ ಪತ್ರ ಮನೆಯಲ್ಲಿ ಇರಬಹುದು. ಅದರ ಅವಧಿ ಐದು ವರ್ಷವಾದ್ದರಿಂದ ಅದನ್ನೇ ಕೊಟ್ಟರಾಯಿತು ಎನಿಸುತ್ತದೆ. ಆದರೆ ಅದರಲ್ಲಿ ಗಂಡನ ದುಡಿಮೆಯೂ ಸೇರಿರುತ್ತದೆ. ಆ ದುಡಿಮೆ ಈಗ ಇಲ್ಲ. ಹಳೆಯ ಪತ್ರದ ಮೊತ್ತ ೩೨,೦೦೦ ಮೀರಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆ. ಆದ್ದರಿಂದ ಸಾವಿನ ನಂತರದ ಸ್ಥಿತಿಯನ್ನು ತಿಳಿಸಿ, ನಿಜವಾದ ಆದಾಯಕ್ಕೆ ಹೊಸ ಪತ್ರವನ್ನು ಮೊದಲು ಮಾಡಿಸಿರಿ. ಸುಳ್ಳು ಬರೆಸಬೇಡಿರಿ. ಆದರೆ ಇಲ್ಲದ ಆದಾಯವನ್ನೂ ಹೊರಬೇಡಿರಿ.

ಎರಡನೆಯದು ತಡದ ನಷ್ಟ. ವೇತನ ಮಂಜೂರಾದ ಮೇಲೆ ಮುಂದಕ್ಕೆ ಬರುತ್ತದೆಯೇ ಹೊರತು ಗಂಡ ಸತ್ತ ದಿನದಿಂದ ಲೆಕ್ಕ ಹಾಕಿ ಹಿಂದಿನದನ್ನು ಕೊಡುವುದಿಲ್ಲ. ಹತ್ತು ತಿಂಗಳು ತಡಮಾಡಿದರೆ ೮,೦೦೦ ರೂಪಾಯಿ ಹೋಯಿತೆಂದೇ ತಿಳಿಯಿರಿ.

ಒಬ್ಬರಿಗೆ ಒಂದೇ ಮಾಸಿಕ ವೇತನ ಎಂಬುದು ನಿಯಮ. ಅಂಗವಿಕಲರ ವೇತನ ಪಡೆಯುತ್ತಿರುವ ಹೆಣ್ಣುಮಗಳು ಗಂಡನನ್ನು ಕಳೆದುಕೊಂಡರೆ ಎರಡನ್ನೂ ಪಡೆಯಲಾಗದು. ಯಾವುದರ ಮೊತ್ತ ಹೆಚ್ಚೋ ಅದನ್ನು ಉಳಿಸಿಕೊಳ್ಳುವುದು ಜಾಣತನ. ೬೫ ವರ್ಷ ತುಂಬಿದವರಿಗೆ ಸಂಧ್ಯಾ ಸುರಕ್ಷಾ ಯೋಜನೆ ಇದೆ. ಅದರ ಮೊತ್ತ ೨೦೨೧ರಲ್ಲಿ ೧,೨೦೦ ರೂಪಾಯಿಗೆ ಏರಿತು. ವಿಧವಾ ವೇತನಕ್ಕಿಂತ ಅದು ಹೆಚ್ಚಿನದು. ಆದ್ದರಿಂದ ೬೫ ತುಂಬಿದ ತಾಯಂದಿರು ತಮ್ಮ ವೇತನ ಯಾವ ಯೋಜನೆಯಲ್ಲಿದೆ ಎಂಬುದನ್ನು ನಾಡಕಛೇರಿಯಲ್ಲಿ ವಿಚಾರಿಸಿ ಬದಲಾವಣೆಗೆ ಅರ್ಜಿ ಕೊಡಿರಿ.

ಮಕ್ಕಳ ಹೆಸರಿನ ಸಹಾಯ

ಇದು ಬಹಳ ಜನರಿಗೆ ತಿಳಿಯದ, ಆದರೆ ಎಲ್ಲಕ್ಕಿಂತ ದೊಡ್ಡ ಸಹಾಯ. ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪ್ರಾಯೋಜಕತ್ವ ಎಂಬ ಒಂದು ಭಾಗವುಂಟು. ತಂದೆಯನ್ನು ಕಳೆದುಕೊಂಡು ತಾಯಿಯ ಬಳಿ ಬೆಳೆಯುವ, ತಾಯಿ ವಿಚ್ಛೇದಿತಳಾಗಿರುವ ಅಥವಾ ಮನೆಯವರಿಂದ ತೊರೆಯಲ್ಪಟ್ಟಿರುವ ಮಕ್ಕಳಿಗೆ ೧೮ ವರ್ಷ ತುಂಬುವವರೆಗೆ ತಿಂಗಳಿಗೆ ಒಂದು ಮಗುವಿಗೆ ೪,೦೦೦ ರೂಪಾಯಿ ಕೊಡಲು ಇದರಲ್ಲಿ ಅವಕಾಶವಿದೆ. ಹಳ್ಳಿಯಲ್ಲಿ ಕುಟುಂಬದ ವರ್ಷದ ಆದಾಯ ೭೨,೦೦೦ ರೂಪಾಯಿ ಮೀರಿರಬಾರದು.

ಮಕ್ಕಳು ಅನಾಥಾಲಯಕ್ಕೆ ಹೋಗದೆ, ಶಾಲೆ ಬಿಟ್ಟು ಕೂಲಿಗೆ ಹೋಗದೆ, ಎಳೆಯ ವಯಸ್ಸಿನಲ್ಲಿ ಮದುವೆಗೆ ಒಳಗಾಗದೆ ತಾಯಿಯ ಮಡಿಲಲ್ಲೇ ಬೆಳೆಯಲಿ ಎಂಬುದೇ ಇದರ ಉದ್ದೇಶ. ಅರ್ಜಿಯನ್ನು ದಾವಣಗೆರೆಯಲ್ಲಿರುವ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕೊಡಬೇಕು. ಊರಿನ ಅಂಗನವಾಡಿ ಕಾರ್ಯಕರ್ತೆಯವರನ್ನು ಕೇಳಿದರೆ ದಾರಿ ತೋರಿಸುತ್ತಾರೆ. ಮನೆಗೆ ಬಂದು ವಿಚಾರಣೆ ಮಾಡಿದ ಮೇಲೆ ಒಂದು ಸಮಿತಿ ತೀರ್ಮಾನಿಸುತ್ತದೆ. ಅರ್ಜಿ ಕೊಟ್ಟವರಿಗೆಲ್ಲ ಸಿಕ್ಕೇ ಸಿಗುತ್ತದೆ ಎಂದು ಹೇಳಲಾಗದು. ಆದರೆ ಅರ್ಜಿ ಕೊಡದವರಿಗೆ ಸಿಗುವುದೇ ಇಲ್ಲ. ಮಗು ಶಾಲೆ ಬಿಟ್ಟರೆ ಸಹಾಯ ನಿಲ್ಲುತ್ತದೆ. ಹೊಲದ ಕೆಲಸಕ್ಕೆಂದು ದೊಡ್ಡ ಮಗನನ್ನು ಶಾಲೆ ಬಿಡಿಸುವ ಮೊದಲು ಇದನ್ನು ಯೋಚಿಸಿರಿ.

ದಾವಣಗೆರೆಗೆ ಹೋಗಿಬರುವ ಖರ್ಚಿಗೆ ಹೆದರಬೇಕಿಲ್ಲ. ೨೦೨೩ರ ಜೂನ್‌ನಿಂದ ರಾಜ್ಯದ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ. ಗುರುತಿನ ಚೀಟಿ ಕೈಯಲ್ಲಿರಲಿ.

ಪಡಿತರ ಚೀಟಿ ಮತ್ತು ಗೃಹಲಕ್ಷ್ಮಿ

ಪಡಿತರ ಚೀಟಿಯಿಂದ ತೀರಿಹೋದವನ ಹೆಸರನ್ನು ತೆಗೆಸಬೇಕು. ಒಬ್ಬರ ಪಾಲು ಕಡಿಮೆಯಾಗುತ್ತದೆಂದು ಮುಚ್ಚಿಡುವುದು ಸರಿಯಲ್ಲ. ಮುಂದೆ ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಇಡೀ ಚೀಟಿಗೇ ತೊಂದರೆ.

೨೦೧೩ರ ಆಹಾರ ಭದ್ರತಾ ಕಾಯಿದೆಯ ಪ್ರಕಾರ ಚೀಟಿಯಲ್ಲಿ ಮನೆಯ ಹಿರಿಯ ಹೆಣ್ಣುಮಗಳೇ ಯಜಮಾನಿ. ೨೦೨೩ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿಯ ತಿಂಗಳ ೨,೦೦೦ ರೂಪಾಯಿ ಈ ಯಜಮಾನಿಗೆ ಸಲ್ಲುತ್ತದೆ. ಅತ್ತೆ ಸೊಸೆ ಒಂದೇ ಚೀಟಿಯಲ್ಲಿದ್ದರೆ ಅತ್ತೆಗೆ ಬರುತ್ತದೆ. ಮಗ ತೀರಿಕೊಂಡ ಮಾತ್ರಕ್ಕೆ ಅದು ಸೊಸೆಗೆ ತಿರುಗುವುದಿಲ್ಲ. ಸೊಸೆ ನಿಜವಾಗಿಯೂ ಬೇರೆ ಒಲೆ ಹೂಡಿ ಮಕ್ಕಳೊಂದಿಗೆ ಬೇರೆ ಸಂಸಾರ ನಡೆಸುತ್ತಿದ್ದರೆ ಮಾತ್ರ ಬೇರೆ ಚೀಟಿಗೆ ಅರ್ಜಿ ಕೊಡಬಹುದು. ಆ ಚೀಟಿ ಬಂದ ಮೇಲೆ ಅವಳೇ ಯಜಮಾನಿಯಾಗಿ ಗೃಹಲಕ್ಷ್ಮಿಗೆ ಅರ್ಜಿ ಹಾಕಬಹುದು. ಕೇವಲ ಎರಡು ಸಾವಿರದ ಆಸೆಗೆ ಒಂದೇ ಸೂರಿನಡಿಯ ಮನೆಯನ್ನು ಕಾಗದದಲ್ಲಿ ಎರಡು ಮಾಡಬೇಡಿರಿ. ಮಗನನ್ನು ಕಳೆದುಕೊಂಡ ಅತ್ತೆಗೂ ಗಂಡನನ್ನು ಕಳೆದುಕೊಂಡ ಸೊಸೆಗೂ ಆ ಹೊತ್ತಿನಲ್ಲಿ ಒಬ್ಬರಿಗೊಬ್ಬರೇ ಬಲ.

ವಿಧವಾ ವೇತನ ಪಡೆಯುವವರು ಯಜಮಾನಿಯಾಗಿದ್ದರೆ ಗೃಹಲಕ್ಷ್ಮಿಯನ್ನೂ ಪಡೆಯಬಹುದು. ಒಂದಕ್ಕೊಂದು ಅಡ್ಡಿಯಿಲ್ಲ.

ಜಮೀನು: ಪೌತಿ ಖಾತೆ ಮೊದಲು, ಉಳಿದದ್ದು ಆಮೇಲೆ

ಪಹಣಿಯಲ್ಲಿ ಸತ್ತವನ ಹೆಸರೇ ಉಳಿದಿರುವ ಜಮೀನು ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟಿದೆ. ಕೆಲವು ಕಡೆ ಅಜ್ಜನ ಹೆಸರೇ ಇನ್ನೂ ಇದೆ. ಉಳುವವನಿಗೆ ಇದರಿಂದ ದಿನದ ತೊಂದರೆ ಕಾಣದು. ಆದರೆ ಸಹಾಯದ ಬಾಗಿಲುಗಳೆಲ್ಲ ಅಲ್ಲಿಯೇ ಮುಚ್ಚಿರುತ್ತವೆ.

ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಉಯಿಲಿಲ್ಲದೆ ತೀರಿಕೊಂಡವನ ಆಸ್ತಿ ಅವನ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತಾಯಿಗೆ ಸಮಪಾಲಾಗಿ ಸೇರುತ್ತದೆ. ತೀರಿಹೋದವನ ಅಣ್ಣ ತಮ್ಮಂದಿರಿಗೆ ಇದರಲ್ಲಿ ಪಾಲಿಲ್ಲ. ಜಮೀನು ಇನ್ನೂ ಮಾವನ ಹೆಸರಿನಲ್ಲಿದ್ದು ಅದು ಪಿತ್ರಾರ್ಜಿತವಾಗಿದ್ದರೆ, ತೀರಿಹೋದ ಮಗನ ಭಾಗ ಅವನ ವಾರಸುದಾರರಿಗೆ ಸಲ್ಲುತ್ತದೆ. ಮಾವನ ಸ್ವಯಾರ್ಜಿತವಾಗಿದ್ದು ಅವನು ಉಯಿಲಿಲ್ಲದೆ ತೀರಿಕೊಂಡರೆ, ಮೊದಲೇ ತೀರಿಹೋದ ಮಗನ ಹೆಂಡತಿ ಮಕ್ಕಳಿಗೂ ಪಾಲುಂಟು. ಹೆಣ್ಣುಮಗಳು ಮುಂದೆ ಮರುಮದುವೆಯಾದರೂ ಒಮ್ಮೆ ಬಂದ ಪಾಲು ಕೈಬಿಡುವುದಿಲ್ಲ. ಆಗ ನಿಲ್ಲುವುದು ವಿಧವಾ ವೇತನ ಮಾತ್ರ. ಮುಸ್ಲಿಂ ಕುಟುಂಬಗಳಿಗೆ ಅವರ ಧರ್ಮದ ಕಾನೂನಿನಂತೆ ಪಾಲುಗಳು ಬೇರೆ. ಅದರಲ್ಲಿಯೂ ಹೆಂಡತಿಗೆ ಪಾಲುಂಟು.

ಮರಣ ಪತ್ರ ಮತ್ತು ವಂಶವೃಕ್ಷದೊಂದಿಗೆ ಪೌತಿ ಖಾತೆಗೆ ನಾಡಕಛೇರಿಯಲ್ಲಿ ಅರ್ಜಿ ಕೊಡಿರಿ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರನ್ನು ಬಿಡಬೇಡಿರಿ. ಬಿಟ್ಟರೆ ಅದೇ ಮುಂದೆ ವ್ಯಾಜ್ಯಕ್ಕೆ ಬೀಜವಾಗುತ್ತದೆ. ಹೊನ್ನಾಳಿ ತಾಲ್ಲೂಕಿನಿಂದ ನ್ಯಾಮತಿ ಬೇರೆಯಾದದ್ದು ಈಚಿನ ವರ್ಷಗಳಲ್ಲಿ. ೧೯೯೭ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ಈ ಭಾಗ ಶಿವಮೊಗ್ಗ ಜಿಲ್ಲೆಯಲ್ಲಿತ್ತು. ಆದ್ದರಿಂದ ಹಳೆಯ ಕಾಗದಗಳಲ್ಲಿ ತಾಲ್ಲೂಕು, ಜಿಲ್ಲೆಯ ಹೆಸರು ಬೇರೆಯಿದ್ದರೆ ಗಾಬರಿಯಾಗಬೇಡಿರಿ.

ಖಾತೆ ತನ್ನ ಹೆಸರಿಗೆ ಬಂದ ಮೇಲೆ ತಾಯಿ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ತನ್ನ ಆಧಾರ್ ಮತ್ತು ಪಹಣಿ ಕೊಟ್ಟು ಎಫ್.ಐ.ಡಿ. ಎಂಬ ರೈತರ ಗುರುತಿನ ಸಂಖ್ಯೆ ಮಾಡಿಸಬೇಕು. ಬಿತ್ತನೆ ಬೀಜದ ರಿಯಾಯಿತಿ, ಬೆಳೆ ವಿಮೆ, ಬೆಳೆ ಪರಿಹಾರ, ಬೆಂಬಲ ಬೆಲೆಯ ಮಾರಾಟ ಎಲ್ಲಕ್ಕೂ ಈ ಸಂಖ್ಯೆ ಬೇಕು. ಗಂಡನ ಸಂಖ್ಯೆ ಹೆಂಡತಿಗೆ ಸಲ್ಲದು. ಮಳೆ ಕೈಕೊಟ್ಟು ಬೆಳೆ ಪರಿಹಾರ ಬಂದ ವರ್ಷದಲ್ಲಿ ಸತ್ತವನ ಹೆಸರಿನಲ್ಲಿರುವ ಹೊಲಕ್ಕೆ ಹಣ ಮುಟ್ಟುವುದು ಕಷ್ಟ.

ಕಿಸಾನ್ ಸಮ್ಮಾನ್ ಯೋಜನೆಯಲ್ಲಿ ವರ್ಷಕ್ಕೆ ೬,೦೦೦ ರೂಪಾಯಿ ಮೂರು ಕಂತುಗಳಲ್ಲಿ ಬರುತ್ತದೆ. ೨೦೧೯ರ ಫೆಬ್ರವರಿ ೧ರ ನಂತರ ಜಮೀನು ಕೊಂಡವರಿಗೆ ಇದು ಸಲ್ಲದು ಎಂಬ ನಿಯಮವಿದೆ. ಆದರೆ ಖಾತೆದಾರ ತೀರಿಕೊಂಡು ವಾರಸಿನಿಂದ ಬಂದ ಜಮೀನಿಗೆ ಈ ಅಡ್ಡಿಯಿಲ್ಲ. ಈ ಮಾತನ್ನು ನೆನಪಿಟ್ಟು, ಪೌತಿ ಖಾತೆಯಾದ ಮೇಲೆ ತಾಯಿಯ ಹೆಸರಿನಲ್ಲಿ ಹೊಸದಾಗಿ ನೋಂದಾಯಿಸಿರಿ.

ಹೊಲದಲ್ಲಿ ಬೆಳೆ ನಿಂತಿರುವಾಗಲೇ ಸಾವಾದರೆ, ಆ ಹಂಗಾಮಿಗೆ ಬೆಳೆ ವಿಮೆಯ ಕಂತು ಕಟ್ಟಿದ್ದ ರಸೀತಿಯನ್ನು ಹುಡುಕಿ ಜೋಪಾನ ಮಾಡಿರಿ. ವಿಮೆಯ ಹಣ ಬಂದರೆ ವಾರಸುದಾರರಿಗೆ ಸಲ್ಲಬೇಕು. ಬೆಳೆ ಸಮೀಕ್ಷೆಯಲ್ಲಿ ಆ ಹೊಲದ ಬೆಳೆ ಸರಿಯಾಗಿ ದಾಖಲಾಗುವಂತೆಯೂ ನೋಡಿಕೊಳ್ಳಿರಿ.

ರುಜು ಹಾಕುವ ಮೊದಲು

ದುಃಖದ ಹೊತ್ತಿನಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಸುಲಭ. ತಾಯಂದಿರೇ, ಖಾಲಿ ಕಾಗದಕ್ಕೆ ರುಜು ಹಾಕಬೇಡಿರಿ. ಹಕ್ಕು ಬಿಡುಗಡೆ ಪತ್ರ ಎಂಬ ಹೆಸರಿನ ಕಾಗದ ಬಂದರೆ ಊರಿನ ತಿಳಿದವರಿಂದ ಓದಿಸಿ ಕೇಳಿರಿ. ಅದು ನಿಮ್ಮ ಪಾಲನ್ನೇ ಬಿಟ್ಟುಕೊಡುವ ಕಾಗದ. ಅಪ್ರಾಪ್ತ ಮಕ್ಕಳ ಸ್ವಂತ ಪಾಲಿನ ಜಮೀನನ್ನು ನ್ಯಾಯಾಲಯದ ಅನುಮತಿಯಿಲ್ಲದೆ ತಾಯಿಯೂ ಮಾರುವಂತಿಲ್ಲ. ಇದು ಮಕ್ಕಳ ರಕ್ಷಣೆಗೆಂದೇ ಇರುವ ಕಾನೂನು.

ಗಂಡನ ಸಾಲದ ವಿಷಯವೂ ಹೀಗೆಯೇ. ಅವನು ಬಿಟ್ಟುಹೋದ ಆಸ್ತಿ ಎಷ್ಟಿದೆಯೋ ಅಷ್ಟರ ಮಟ್ಟಿಗೆ ಮಾತ್ರ ವಾರಸುದಾರರು ಸಾಲಕ್ಕೆ ಹೊಣೆ. ಹೆಂಡತಿ ಜಾಮೀನು ನಿಂತಿದ್ದರೆ ಅಥವಾ ಜೊತೆಗೆ ರುಜು ಮಾಡಿದ್ದರೆ ಮಾತ್ರ ಅವಳ ಮೇಲೆ ಹೊಣೆ ಬೇರೆಯಾಗಿ ಬರುತ್ತದೆ. ಸಂಘದವರೋ ಕೈಸಾಲ ಕೊಟ್ಟವರೋ ಹೊಸ ಕಾಗದಕ್ಕೆ ರುಜು ಕೇಳಿದರೆ, ಅದರಿಂದ ಗಂಡನ ಸಾಲ ತನ್ನ ಸ್ವಂತ ಸಾಲವಾಗುತ್ತದೆಯೇ ಎಂದು ಮೊದಲು ತಿಳಿಯಿರಿ. ಸಹಕಾರ ಸಂಘದ ಸಾಲಕ್ಕೆ ವಿಮೆ ಇತ್ತೇ ಎಂಬುದನ್ನೂ ಕೇಳಿರಿ.

ಗಂಡ ಬಿಟ್ಟುಹೋದವರು

ಸಾವಿಲ್ಲದೆಯೂ ಒಂಟಿಯಾದ ತಾಯಂದಿರು ಉಂಟು. ಅವರ ಬಳಿ ಮರಣ ಪತ್ರ ಇರುವುದಿಲ್ಲವಾದ್ದರಿಂದ ವಿಧವಾ ವೇತನ ಸಲ್ಲದು. ೨೦೧೩ರಲ್ಲಿ ಬಂದ ಮನಸ್ವಿನಿ ಯೋಜನೆಯಲ್ಲಿ ೪೦ರಿಂದ ೬೪ ವರ್ಷದ ಅವಿವಾಹಿತ ಮತ್ತು ವಿಚ್ಛೇದಿತ ಮಹಿಳೆಯರಿಗೆ ಮಾಸಿಕ ವೇತನವಿದೆ. ಅದಕ್ಕಿಂತ ಚಿಕ್ಕ ವಯಸ್ಸಿನವರಿಗೆ ದಾರಿ ಜೀವನಾಂಶದ್ದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೪೪ನೆಯ ಕಲಮಿನಂತೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಿ ಗಂಡನಿಂದ ತನಗೂ ಮಕ್ಕಳಿಗೂ ಜೀವನಾಂಶ ಕೇಳಬಹುದು. ವಕೀಲರ ಖರ್ಚಿಗೆ ಹೆದರಬೇಡಿರಿ. ೧೯೮೭ರ ಕಾನೂನು ಸೇವೆಗಳ ಕಾಯಿದೆಯಂತೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ದೂರವಾಣಿ ಸಂಖ್ಯೆ ೧೫೧೦೦. ಮೇಲೆ ಹೇಳಿದ ಮಕ್ಕಳ ಪ್ರಾಯೋಜಕತ್ವವೂ ಇಂಥ ತಾಯಂದಿರಿಗೆ ಉಂಟು.

ಹೆಂಡತಿ ತೀರಿಕೊಂಡ ಗಂಡಸರು

ಗಂಡಸರಿಗೆ ವಿಧವಾ ವೇತನದಂಥ ವೇತನವಿಲ್ಲ. ಆದರೆ ಹೆಂಡತಿಯ ಬ್ಯಾಂಕ್ ಪುಸ್ತಕದಲ್ಲಿಯೂ ೪೩೬ ಅಥವಾ ೨೦ ರೂಪಾಯಿಯ ಕಡಿತ ಇರಬಹುದು, ನೋಡಿಸಿರಿ. ಮನೆಗೆ ದುಡಿದು ಹಾಕುತ್ತಿದ್ದವಳು ಅವಳೇ ಆಗಿದ್ದರೆ ಕುಟುಂಬ ಸಹಾಯಧನವೂ ಸಲ್ಲುತ್ತದೆ. ಅವಳ ಹೆಸರಿಗೆ ಬರುತ್ತಿದ್ದ ಗೃಹಲಕ್ಷ್ಮಿಯ ಬಗ್ಗೆ ಕೂಡಲೇ ತಿಳಿಸಿರಿ. ಚೀಟಿಯಲ್ಲಿ ಇನ್ನೊಬ್ಬ ಹಿರಿಯ ಹೆಣ್ಣುಮಗಳಿದ್ದರೆ ಯಜಮಾನಿಯ ಹೆಸರು ಬದಲಾಯಿಸಿ ಅವಳು ಅರ್ಜಿ ಕೊಡಬಹುದು.

ಒಂದು ಲೆಕ್ಕ

ಎರಡು ಎಕರೆ ಮೆಕ್ಕೆಜೋಳದ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಗಂಡ ತೀರಿಕೊಂಡಿದ್ದಾನೆ. ಮೂವತ್ತು ವರ್ಷದ ಹೆಂಡತಿ, ಶಾಲೆಗೆ ಹೋಗುವ ಎರಡು ಮಕ್ಕಳು, ವಯಸ್ಸಾದ ಅತ್ತೆ ಉಳಿದಿದ್ದಾರೆ. ಏನೂ ಮಾಡದೆ ಕುಳಿತರೆ ಕಿಸಾನ್ ಹಣದ ವರ್ಷದ ೬,೦೦೦ ನಿಂತು ಅತ್ತೆಯ ಗೃಹಲಕ್ಷ್ಮಿ ಮಾತ್ರ ಉಳಿಯುತ್ತದೆ. ಮೇಲಿನ ಕ್ರಮದಂತೆ ನಡೆದರೆ ಕುಟುಂಬ ಸಹಾಯಧನ ೨೦,೦೦೦, ವರ್ಷಕ್ಕೆ ವಿಧವಾ ವೇತನ ೯,೬೦೦, ಪೌತಿ ಖಾತೆಯಾದ ಮೇಲೆ ಕಿಸಾನ್ ೬,೦೦೦ ಸೇರುತ್ತವೆ. ಪುಸ್ತಕದಲ್ಲಿ ವಿಮೆಯ ಕಂತು ಕಂ‍ಡರೆ ೨ ಲಕ್ಷ. ಪ್ರಾಯೋಜಕತ್ವ ಇಬ್ಬರು ಮಕ್ಕಳಿಗೂ ಮಂಜೂರಾದರೆ ವರ್ಷಕ್ಕೆ ೯೬,೦೦೦. ಎರಡು ಎಕರೆಯ ಮೆಕ್ಕೆಜೋಳವನ್ನು ಮಾರಿದವರಿಗೆ ಈ ಮೊತ್ತದ ತೂಕ ಬೇರೆ ಹೇಳಬೇಕಾಗಿಲ್ಲ.

ಕೆಲಸದ ಅನುಕ್ರಮ

೧. ಮೊದಲ ವಾರ: ಸಾವಿನ ನೋಂದಣಿ. ಅಪಘಾತವಾದರೆ ಪೊಲೀಸ್ ಮತ್ತು ಆಸ್ಪತ್ರೆಯ ಕಾಗದಗಳು.

೨. ೩೦ ದಿನಗಳೊಳಗೆ: ಬ್ಯಾಂಕಿಗೆ ತಿಳಿಸುವುದು, ವಿಮೆಯ ಅರ್ಜಿ, ತಾಯಿಯ ಸ್ವಂತ ಖಾತೆ, ಆಧಾರ್ ಜೋಡಣೆ.

೩. ಎರಡನೆಯ ತಿಂಗಳು: ಹೊಸ ಆದಾಯ ಪತ್ರ, ಆಮೇಲೆ ವಿಧವಾ ವೇತನ ಮತ್ತು ಕುಟುಂಬ ಸಹಾಯಧನದ ಅರ್ಜಿ, ಪಡಿತರ ಚೀಟಿ ತಿದ್ದುಪಡಿ.

೪. ಅದೇ ತಿಂಗಳು: ಮಕ್ಕಳ ಶಾಲೆಯ ದೃಢೀಕರಣದೊಂದಿಗೆ ಪ್ರಾಯೋಜಕತ್ವದ ಅರ್ಜಿ.

೫. ವಂಶವೃಕ್ಷ, ಪೌತಿ ಖಾತೆ, ಅದಾದ ಮೇಲೆ ಎಫ್.ಐ.ಡಿ. ಮತ್ತು ಕಿಸಾನ್ ನೋಂದಣಿ.

ಪ್ರತಿಯೊಂದು ಅರ್ಜಿಗೂ ಸ್ವೀಕೃತಿ ಚೀಟಿ ಪಡೆಯಿರಿ. ಅದರ ಮೇಲಿನ ಸಂಖ್ಯೆಯಿಂದ ಅರ್ಜಿ ಎಲ್ಲಿದೆ ಎಂದು ವಿಚಾರಿಸಬಹುದು. ಎಲ್ಲ ಕಾಗದಗಳನ್ನೂ ಒಂದೇ ಚೀಲದಲ್ಲಿಟ್ಟು, ಯಾವ ದಿನ ಯಾರಿಗೆ ಏನು ಕೊಟ್ಟಿರೆಂದು ಮಕ್ಕಳ ನೋಟು ಪುಸ್ತಕದಲ್ಲಿ ಬರೆಯಿಸಿರಿ.

ಊರಿನ ಹಿರಿಯರಿಗೂ ಯುವಕರಿಗೂ ಒಂದು ಮಾತು. ಸಾವಿನ ಮನೆಗೆ ಅಕ್ಕಿ ಬೇಳೆ ಕಳಿಸುವ ಒಳ್ಳೆಯ ವಾಡಿಕೆ ನಮ್ಮಲ್ಲಿದೆ. ಅದರ ಜೊತೆಗೆ, ಓದು ಬಲ್ಲ ಒಬ್ಬರು ಆ ಮನೆಯ ಕಾಗದಗಳನ್ನು ಹಿಡಿದು ನಾಡಕಛೇರಿಯವರೆಗೆ ಜೊತೆಯಾಗಿ ಹೋಗಿ ಬರಲಿ. ಸ್ತ್ರೀಶಕ್ತಿ ಸಂಘಗಳ ತಾಯಂದಿರು ಇದನ್ನು ತಮ್ಮ ಕೆಲಸವೆಂದು ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಮನೆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಬದುಕಿರುವಾಗಲೇ ಒಂದು ಸಂಜೆ ಕುಳಿತು ಪಹಣಿ, ಬ್ಯಾಂಕ್ ಪುಸ್ತಕ, ವಿಮೆ, ನಾಮಿನಿಯ ಹೆಸರು, ಸಾಲದ ಲೆಕ್ಕ ಇವನ್ನು ಒಬ್ಬರಿಗೊಬ್ಬರು ತಿಳಿಸಿಟ್ಟುಕೊಳ್ಳುವುದು ಎಲ್ಲಕ್ಕಿಂತ ಮುಖ್ಯ. ಕಣಜ ಎಲ್ಲಿದೆಯೆಂದು ಮನೆಯ ಇಬ್ಬರಿಗೂ ಗೊತ್ತಿರಬೇಕು.